ನೌಕಾಂಗಣವೋ, ಹಡಗುಕಟ್ಟೆಯೋ?

ಗೆಳೆಯರೇ, ಒಂದೇ ಒಂದು ಸಾಲಿನಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ನಡೆಯುವ ಹಡಗು ಕಟ್ಟುವ ಕೆಲಸದ ಬಗ್ಗೆ ಬರೆಯುತ್ತಿದ್ದೆ. ಅಲ್ಲಿದ್ದ ನೇವಿ ಯಾರ್ಡ್ (ನೌಕಾಪಡೆಯ ಹಡಗು ಕಟ್ಟುವ ಜಾಗ) ಹೋಗಿ ಶಿಪ್‌ಯಾರ್ಡ್ (ಸರಕು ಹಡಗು ಕಟ್ಟುವ ಜಾಗ) ಬಂತು ಅಂತ ಹೇಳಬೇಕಿತ್ತು. ಎರಡಕ್ಕೂ ಕನ್ನಡದಲ್ಲಿ ನನಗೆ ಹೊಳೆದದ್ದು 'ನೌಕಾಂಗಣ' ಒಂದೇ. ಕೈಗೆ ಬಂದದ್ದು: "ನೌಕಾಂಗಣ ಹೋಗಿ ನೌಕಾಂಗಣ ಬಂತು." ಓದಿ ನಾನೇ ನಕ್ಕೆ.

ಆ ಯಾರ್ಡ್ ಮೊದಲು ಅಮೆರಿಕದ ನೌಕಾಪಡೆಯ ಸ್ವಂತದ್ದು. ಎರಡನೇ ಮಹಾಯುದ್ಧದ ಕಾಲದಲ್ಲಿ ಸುಮಾರು 40,000 ಜನ ಅಲ್ಲಿ ದುಡಿಯುತ್ತಿದ್ದರು. 'ನ್ಯೂಜೆರ್ಸಿ' ಯುದ್ಧನೌಕೆ ನೀರಿಗಿಳಿದದ್ದು ಅಲ್ಲೇ, 1942ರಲ್ಲಿ. 1970ರ 'ಬ್ಲೂ ರಿಡ್ಜ್' ಎಂಬ ನೌಕಾಪಡೆಯ ಹಡಗು ಆದ ಮೇಲೆ ಹೊಸ ಹಡಗು ಕಟ್ಟಲಿಲ್ಲ, ಬರೀ ರಿಪೇರಿ. ಶೀತಲ ಸಮರ ಮುಗಿಯಿತು, 1990ರ ದಶಕದ ನಡುವೆ ಬಾಗಿಲೂ ಬಿತ್ತು. ಆಮೇಲೆ ಕ್ವಾರ್ನರ್ ಕಂಪನಿ ಬಂದು ಅದರ ಒಂದು ಭಾಗದಲ್ಲಿ ಸರಕು ಹಡಗು ಕಟ್ಟಲು ಶುರು ಮಾಡಿತು. ಮೊದಲನೆಯದು 'ಮನುಕಾಯ್' ಎಂಬ ಕಂಟೇನರ್ ಹಡಗು, 2003ರಲ್ಲಿ ಮ್ಯಾಟ್ಸನ್ ಕಂಪನಿಯ ಕೈಸೇರಿತು. 2024ರಲ್ಲಿ ದಕ್ಷಿಣ ಕೊರಿಯದ ಹಾನ್ವಾ ಕಂಪನಿ ಈ ಯಾರ್ಡನ್ನೇ ಕೊಂಡಿತು. ತಮಾಷೆ ಅಂದರೆ, ಆ ಜಾಗವನ್ನು ಜನ ಇವತ್ತಿಗೂ ನೇವಿ ಯಾರ್ಡ್ ಅಂತಲೇ ಕರೆಯುತ್ತಾರೆ.

ನನ್ನ ತಕರಾರು 'ನೌಕಾ' ಮೇಲೆ. ನೌಕೆ ಅಂದರೆ ಸುಮ್ನೆ ಹಡಗು, ನಿಜ. ಆದರೆ ನೌಕಾಪಡೆ, ನೌಕಾನೆಲೆ, ಯುದ್ಧನೌಕೆ ಅಂತ ಓದಿ ಓದಿ ಆ ಪದಕ್ಕೆ ಸಮವಸ್ತ್ರ ತೊಡಿಸಿಬಿಟ್ಟಿದ್ದೇವೆ, ಅಲ್ವಾ? (ನೌಕರ ಬೇರೆ. ಅದು ಪರ್ಷಿಯನ್‌ನಿಂದ ಬಂದದ್ದು, ಹಡಗಿಗೂ ಅದಕ್ಕೂ ನಂಟಿಲ್ಲ.) ಹೋದ ವರ್ಷ ಮಲ್ಪೆಯಲ್ಲಿ ಬೋಟಿನ ಹಲಗೆಗಳ ಸಂದಿಗೆ ಹತ್ತಿ ತುಂಬುತ್ತಿದ್ದ ಒಬ್ಬ ಬಡಗಿಯ ಹತ್ತಿರ, "ಇಲ್ಲಿ ನೌಕಾಂಗಣ ಎಲ್ಲಿ?" ಅಂತ ಕೇಳಿದೆ. ಕೈ ನಿಲ್ಲಿಸದೆಯೇ ಹೇಳಿದರು: "ನೇವಿಯದ್ದಾ? ಅದು ಕಾರವಾರದಲ್ಲಿ ಉಂಟು ಮಾರಾಯ್ರೆ. ಇಲ್ಲಿರುವುದು ಶಿಪ್‌ಯಾರ್ಡ್." ನಾನು ಕೇಳಿದ್ದು ಉಡುಪಿ ಕೊಚ್ಚಿನ್ ಶಿಪ್‌ಯಾರ್ಡನ್ನು. ಅಲ್ಲಿ ದೊಡ್ಡ ಹಡಗು ಎಳೆಯುವ ಟಗ್ಗು ಕಟ್ಟುತ್ತಾರೆ, ನಾರ್ವೆಯ ವಿಲ್ಸನ್ ಕಂಪನಿಗೆ ಸರಕು ಹಡಗು ಕಟ್ಟುತ್ತಾರೆ. ಬಡಗಿಯ ಉತ್ತರದಲ್ಲಿ ನನ್ನ ವಾಕ್ಯದ ರೋಗವೆಲ್ಲ ಇತ್ತು.

ಹಾಗಾದರೆ ಹಡಗುಕಟ್ಟೆ? ಕೇಳಲು ಚೆಂದ. ಆದರೆ ನಮ್ಮ 'ಕಟ್ಟು' ಎರಡು ಕಡೆ ವಾಲುತ್ತದೆ. ಬೋಟು ಕಟ್ಟಿದರು ಅಂದರೆ ಹೊಸದಾಗಿ ಮಾಡಿದರೋ, ಹಗ್ಗ ಹಾಕಿ ನಿಲ್ಲಿಸಿದರೋ? 'ಕಟ್ಟಿಸಿದರು' ಅಂದಾಗ ಮಾತ್ರ ಅನುಮಾನ ಇಲ್ಲ. ಅರಳಿಕಟ್ಟೆ, ಕೆರೆಕಟ್ಟೆ ಕೇಳಿದ ಕಿವಿಗೆ ಹಡಗುಕಟ್ಟೆ ಅಂದರೆ ಹಡಗು ಬಂದು ನಿಲ್ಲುವ ಜೆಟ್ಟಿ ಅನ್ನಿಸುವುದೇ ಜಾಸ್ತಿ.

ಟಂಕಸಾಲೆ, ಕಮ್ಮಾರಸಾಲೆ ಇದ್ದ ಹಾಗೆ 'ಹಡಗುಸಾಲೆ' ಅಂದರೆ ಹೇಗೆ? ಸಾಲೆ ಅಂದರೆ ಕೆಲಸ ನಡೆಯುವ ಮನೆ, ಯಾರ್ಡ್ ಅನ್ನುವುದಕ್ಕೆ ಅಂಗಣಕ್ಕಿಂತ ಹತ್ತಿರ. ಮನೆಯಲ್ಲಿ ಹೇಳಿದೆ. "ಹಡಗಿಗೆ ಪಾಠ ಹೇಳಿಕೊಡ್ತಾರಾ?" ಅಂದಳು ತಂಗಿ.

ಇನ್ನೊಂದು ಸಣ್ಣ ತೊಡಕು: ಕಟ್ಟಿ ಮುಗಿದ ಹಡಗನ್ನು ಕೊಡುವುದಕ್ಕೆ ಯಾವ ಮಾತು? ಯುದ್ಧನೌಕೆಯನ್ನು 'ಸೇವೆಗೆ ಸೇರಿಸುತ್ತಾರೆ'. ಸರಕು ಹಡಗನ್ನು ಮಾಲೀಕರಿಗೆ 'ಒಪ್ಪಿಸುತ್ತಾರೆ' ಅಂತ ಬರೆದಿದ್ದೇನೆ. 'ಹಸ್ತಾಂತರ' ನನಗೆ ಫೈಲಿನ ವಾಸನೆ. 'ಲೋಕಾರ್ಪಣೆ' ಅಂತೂ ಬೇಡ, ಅದು ಬಸ್ ನಿಲ್ದಾಣಕ್ಕೂ ಆಗುತ್ತದೆ, ಪುಸ್ತಕಕ್ಕೂ ಆಗುತ್ತದೆ.

ಸದ್ಯಕ್ಕೆ ಹೀಗಿಟ್ಟಿದ್ದೇನೆ: "ನೌಕಾಪಡೆಯ ಯಾರ್ಡ್ ಮುಚ್ಚಿತು, ಅದೇ ನೆಲದಲ್ಲಿ ಸರಕು ಹಡಗು ಕಟ್ಟುವ ಯಾರ್ಡ್ ಎದ್ದಿತು." ಉದ್ದವಾಯಿತು, ಆದರೂ ತಪ್ಪು ತಿಳಿಯುವುದಿಲ್ಲ. ಕಾರವಾರ, ಮಲ್ಪೆ, ಮಂಗಳೂರು ಕಡೆಯವರ ಬಾಯಲ್ಲಿ ಇದಕ್ಕೆ ಬೇರೆ ಮಾತಿದ್ದರೆ ದಯವಿಟ್ಟು ಹೇಳಿ. ನಿಘಂಟಿನದ್ದು ಬೇಡ, ಬಳಕೆಯದ್ದು ಬೇಕು.