ನೋರೋವೈರಸ್ ವಾಂತಿ-ಭೇದಿ: ಮನೆಯಲ್ಲಿ ನೋಡಿಕೊಳ್ಳುವುದು ಹೇಗೆ?

ತುಂಗಾತೀರ:
4 ವರ್ಷದ ಮಗುವಿಗೆ ರಾತ್ರಿಯಿಂದ ಇದ್ದಕ್ಕಿದ್ದಂತೆ ವಾಂತಿ, ಬೆಳಗ್ಗೆಯಿಂದ ನೀರು ನೀರಾಗಿ ಭೇದಿ. ಮೈ ಸ್ವಲ್ಪ ಬಿಸಿ, ರಕ್ತ ಇಲ್ಲ. ಕ್ಲಾಸಿನಲ್ಲಿ ಇನ್ನೂ ಕೆಲವು ಮಕ್ಕಳಿಗೆ ಹೀಗೇ ಆಗಿದೆಯಂತೆ. ಫುಡ್ ಪಾಯ್ಸನ್ನಾ, ವೈರಸ್ಸಾ? ಓಆರ್‌ಎಸ್ ಕುಡಿಸಿದರೆ ಅದನ್ನೂ ಕಕ್ಕುತ್ತಿದೆ. ಮನೆಯಲ್ಲಿ 8 ತಿಂಗಳ ಕೂಸೂ ಇದೆ.

ವಾರ್ಡ್‌ಸಿಸ್ಟರ್:
ಕೆಟ್ಟ ಊಟದಲ್ಲಿರುವ ಬ್ಯಾಕ್ಟೀರಿಯಾದ ವಿಷವಾದರೆ ಸಾಮಾನ್ಯವಾಗಿ ಉಂಡ ಕೆಲವೇ ಗಂಟೆಗಳಲ್ಲಿ, ಉಂಡವರಿಗೆಲ್ಲ ಒಟ್ಟಿಗೇ ವಾಂತಿ ಹಿಡಿಯುತ್ತದೆ. ನೋರೋವೈರಸ್ ತಗುಲಿದ 12ರಿಂದ 48 ಗಂಟೆಗೆ ಕಾಣಿಸಿಕೊಂಡು, ಒಬ್ಬರಾದ ಮೇಲೆ ಒಬ್ಬರಿಗೆ ಬರುತ್ತದೆ. ನೀವು ಹೇಳಿದ್ದು ವೈರಸ್ಸಿನ ಲಕ್ಷಣಕ್ಕೇ ಹೆಚ್ಚು ಹೊಂದುತ್ತದೆ. ಸಾಮಾನ್ಯವಾಗಿ 1ರಿಂದ 3 ದಿನದಲ್ಲಿ ತಾನಾಗೇ ಇಳಿಯುತ್ತದೆ. ಇದಕ್ಕೆ ಆ್ಯಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ.

ಓಆರ್‌ಎಸ್ ನಿಲ್ಲದಿರುವುದು ಬಹುಪಾಲು ಲೋಟಗಟ್ಟಲೆ ಕುಡಿಸುವುದರಿಂದ. ವಾಂತಿಯಾದ ಮೇಲೆ 10 ನಿಮಿಷ ಬಿಡಿ. ಆಮೇಲೆ ಒಂದೆರಡು ನಿಮಿಷಕ್ಕೊಮ್ಮೆ ಒಂದೊಂದೇ ಟೀಚಮಚ ಕೊಡಿ. ಬಾಯಾರಿ ಗಟಗಟ ಕುಡಿಯಲು ಹಠ ಮಾಡಿದರೂ ಲೋಟ ಕೈಗೆ ಕೊಡಬೇಡಿ. ವಾಂತಿ ನಿಂತ ಮೇಲೆ, ಪ್ರತಿ ಭೇದಿಗೂ 100ರಿಂದ 200 ಮಿ.ಲೀ.

ಪ್ಯಾಕೆಟ್ ಓದಿ ನೋಡಿ. ದೊಡ್ಡದು 1 ಲೀಟರಿಗೆ, ಚಿಕ್ಕದು 200 ಮಿ.ಲೀ.ಗೆ. ದೊಡ್ಡದನ್ನು ಒಂದು ಲೋಟಕ್ಕೆ ಸುರಿದರೆ ದ್ರಾವಣ ವಿಪರೀತ ಗಟ್ಟಿಯಾಗಿ ಕರುಳೊಳಗೆ ಇನ್ನಷ್ಟು ನೀರು ಎಳೆಯುತ್ತದೆ, ಭೇದಿ ಜಾಸ್ತಿಯಾಗುತ್ತದೆ, ರಕ್ತದಲ್ಲಿ ಉಪ್ಪೂ ಏರಬಹುದು. ಕಲಸಿದ್ದನ್ನು 24 ಗಂಟೆ ಕಳೆದ ಮೇಲೆ ಚೆಲ್ಲಿಬಿಡಿ. ಪ್ಯಾಕೆಟ್ ಸಿಗದಿದ್ದರೆ ಕಾಯಿಸಿ ಆರಿಸಿದ 1 ಲೀಟರ್ ನೀರಿಗೆ 6 ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು. ಚಮಚದ ಮೇಲೆ ಗುಡ್ಡೆ ಇರಬಾರದು, ಅಂಚಿಗೆ ಸಮ ಮಾಡಿ ಅಳೆಯಿರಿ.

ತುಂಗಾತೀರ:
ಎಳನೀರು, ಗ್ಲೂಕೋಸ್ ಪುಡಿ ನಡೆಯುತ್ತಾ? ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆಯೂ ಇದೆ.

ವಾರ್ಡ್‌ಸಿಸ್ಟರ್:
ಲೋಪೆರಮೈಡ್ ಈ ವಯಸ್ಸಿಗೆ ಖಂಡಿತ ಬೇಡ, ಕರುಳಿನ ಚಲನೆಯೇ ನಿಂತು ಅಪಾಯವಾಗಬಹುದು. ಗ್ಲೂಕೋಸ್ ಪುಡಿಯಲ್ಲಿ ಸಾಕಷ್ಟು ಉಪ್ಪಿಲ್ಲ. ಕರುಳು ಗ್ಲೂಕೋಸ್ ಮತ್ತು ಸೋಡಿಯಂ ಎರಡನ್ನೂ ಜೊತೆಗೆ ಒಳಗೆಳೆದಾಗಲೇ ನೀರು ಚೆನ್ನಾಗಿ ಹಿಂದೆ ಬರುವುದು. ಎಳನೀರಿನಲ್ಲಿ ಪೊಟ್ಯಾಷಿಯಂ ಹೆಚ್ಚು, ಸೋಡಿಯಂ ಕಡಿಮೆ: ನಡುನಡುವೆ ಕೊಡಿ, ಆದರೆ ಓಆರ್‌ಎಸ್ ಬದಲಿಗೆ ಅಲ್ಲ. ಪ್ಯಾಕ್ ಜ್ಯೂಸ್, ಸೋಡಾ ಬೇಡ. ಉಪವಾಸ ಕೆಡವಬೇಡಿ; ಗಂಜಿ, ಮೊಸರನ್ನ, ಇಡ್ಲಿ, ಬಾಳೆಹಣ್ಣು ಹಸಿವಾದಷ್ಟು ಕೊಡಿ. ಭೇದಿಗೆ ಸತುವಿನ ಮಾತ್ರೆ ದಿನಕ್ಕೆ 20 ಮಿ.ಗ್ರಾಂ, 14 ದಿನ, ಭೇದಿ ನಿಂತರೂ ಪೂರ್ತಿ.

ನೀರುಗಡಿಗೆ:
ಕೂಸಿನ ವಿಷಯಕ್ಕೆ: ಈ ವೈರಸ್ಸಿನ ಮೇಲೆ ಆಲ್ಕೋಹಾಲ್ ಸ್ಯಾನಿಟೈಸರನ್ನು ನಂಬಬೇಡಿ. ಸೋಪು ಹಚ್ಚಿ 20 ಸೆಕೆಂಡ್ ಉಜ್ಜಿ, ಹರಿಯುವ ನೀರಲ್ಲಿ ತೊಳೆಯಬೇಕು. ವಾಂತಿಯನ್ನು ಗ್ಲೌಸ್ ಹಾಕಿ, ಟಿಶ್ಯೂನಿಂದ ಅದುಮಿ ತೆಗೆಯಿರಿ. ಗುಡಿಸಿದರೆ, ನೀರು ರಾಚಿದರೆ ವೈರಸ್ ಸುತ್ತ ಸಿಡಿಯುತ್ತದೆ. ಆಮೇಲೆ ಬ್ಲೀಚ್. ಶೇ. 4–5ರ ಹೈಪೋಕ್ಲೋರೈಟ್ ಆದರೆ ಉಳಿದ ಜಾಗಗಳಿಗೆ 1 ಲೀಟರ್ ನೀರಿಗೆ 25 ಮಿ.ಲೀ., ವಾಂತಿ ಬಿದ್ದ ಜಾಗಕ್ಕೆ ಅಷ್ಟೇ ನೀರಿಗೆ 100 ಮಿ.ಲೀ. ಬೆರೆಸಿ. 10 ನಿಮಿಷ ಒದ್ದೆಯಾಗಿರಲಿ, ಕಿಟಕಿ ತೆರೆದಿರಲಿ. ಟಾಯ್ಲೆಟ್ ಆ್ಯಸಿಡ್ ಜೊತೆ ಸೇರಿಸಲೇಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಬಾಗಿಲ ಹಿಡಿ, ನಲ್ಲಿ, ಫ್ಲಶ್ ಗುಂಡಿ ಮರೆಯಬೇಡಿ.

6, 10, 14ನೇ ವಾರದಲ್ಲಿ ಹಾಕುವ ರೋಟಾವೈರಸ್ ಲಸಿಕೆ ನೋರೋವೈರಸ್ಸನ್ನು ತಡೆಯುವುದಿಲ್ಲ. ಕೂಸಿಗೂ ತಗುಲಿದರೆ ಎದೆಹಾಲು ನಿಲ್ಲಿಸದೆ ಬೇಗ ಡಾಕ್ಟರಿಗೆ ತೋರಿಸಿ.

ವಾರ್ಡ್‌ಸಿಸ್ಟರ್:
ಇಬ್ಬರಲ್ಲಿ ಯಾರಿಗೇ ಆಗಲಿ, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ: 6–8 ಗಂಟೆ ಮೂತ್ರವಿಲ್ಲ, ಕಣ್ಣು ಗುಳಿಬಿದ್ದಿದೆ, ಅತ್ತರೂ ಕಣ್ಣೀರಿಲ್ಲ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ನಿಧಾನಕ್ಕೆ ಇಳಿಯುತ್ತದೆ, ಮಂಪರು, ಹಸಿರು ವಾಂತಿ, ಮಲದಲ್ಲಿ ರಕ್ತ, ಜೋರು ಜ್ವರ, ಚಮಚದಲ್ಲಿ ಕೊಟ್ಟರೂ ಏನೂ ನಿಲ್ಲದಿರುವುದು. ದೊಡ್ಡ ಮಗುವನ್ನು ವಾಂತಿ-ಭೇದಿ ನಿಂತು 48 ಗಂಟೆ ಕಳೆಯುವವರೆಗೆ ಶಾಲೆಗೆ ಕಳಿಸಬೇಡಿ. ಅದಾದ ಮೇಲೂ ಎರಡು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು, ಮಲದಲ್ಲಿ ವೈರಸ್ ಇರುವುದರಿಂದ ಟಾಯ್ಲೆಟ್ ಆದ ಮೇಲಿನ ಕೈತೊಳೆತ ಮುಂದುವರಿಸಿ.