ಒಂದಿಂಚಿಗೆ ಎಷ್ಟು ಚುಕ್ಕಿ?

ಕೋಲಾರದ ಕ್ಲಾಕ್ ಟವರ್ ಹತ್ತಿರ ಒಂದು ಮೊಬೈಲ್ ರಿಪೇರಿ ಅಂಗಡಿ. ಕೌಂಟರಿನ ಒಳಗೆ ನಯಾಜ್, ಹೊರಗೆ ಮುನಿರಾಜು ಮತ್ತು ಶಂಕರ. ಟೀ ಬಂದಿದೆ, ಗಿರಾಕಿ ಬಂದಿಲ್ಲ.

ಮುನಿರಾಜು: ಹೊಸ ಫೋನಿಂದು ಆರೂವರೆ ಇಂಚು ಸ್ಕ್ರೀನು, ಎಚ್‌ಡಿ ಪ್ಲಸ್ಸು ಅಂತ ಡಬ್ಬಿ ಮೇಲೇ ಬರೆದವ್ರೆ. ಎಚ್‌ಡಿ ಸಾಲದು ಅಂತ ಪ್ಲಸ್ ಬೇರೆ!

ನಯಾಜ್: ಆ ಪ್ಲಸ್ಸು ಉದ್ದಕ್ಕೆ ಕಣಪ್ಪ, ಕ್ಲಾರಿಟಿಗಲ್ಲ. ಎಚ್‌ಡಿ ಅಂದ್ರೆ 720ಕ್ಕೆ 1280 ಚುಕ್ಕಿ. ಫೋನು ಉದ್ದ ಬೆಳೀತು, 1280 ಹೋಗಿ 1600 ಆಯ್ತು. ಅಗಲ ಅದೇ 720.

ಶಂಕರ: ಟೊಮೆಟೊ ನಾಟಿ ಮಾಡ್ತೀಯಲ್ಲ, ಹಂಗೇ ತಿಳ್ಕೋ. ಎಷ್ಟು ಸಸಿ ತಂದೆ ಅನ್ನೋದಲ್ಲ, ಸಾಲಲ್ಲಿ ಗಿಡದಿಂದ ಗಿಡಕ್ಕೆ ಎಷ್ಟು ಬಿಟ್ಟೆ ಅನ್ನೋದು ಲೆಕ್ಕ. ಒಂದಿಂಚು ಸಾಲಿಗೆ ಎಷ್ಟು ಚುಕ್ಕಿ ಕೂತವೆ, ಅದೇ ಪಿಪಿಐ.

ಮುನಿರಾಜು: ಎಣಿಸೋಕೆ ಆಳು ಹಾಕ್ಬೇಕಾ?

ನಯಾಜ್: ಕ್ಯಾಲ್ಕುಲೇಟರ್ ತೆಗಿ. 720ನ್ನ 720ರಿಂದ ಗುಣಿಸು, 1600ನ್ನ 1600ರಿಂದ. ಎರಡೂ ಕೂಡು, 30,78,400. ವರ್ಗಮೂಲ ಹತ್ರಹತ್ರ 1755, ಮೂಲೆಯಿಂದ ಮೂಲೆಗಿರೋ ಚುಕ್ಕಿ. ಆರೂವರೆಯಿಂದ ಭಾಗಿಸಿದ್ರೆ 270. ಅದೇ ಸೈಜಲ್ಲಿ 1080ಕ್ಕೆ 2400 ಇದ್ರೆ 405.

ಮುನಿರಾಜು: ಮೋಸ ಹೋದೆ ಅನ್ನು.

ಶಂಕರ: ನಿಧಾನ. ಫೋನ್ ಎಷ್ಟು ದೂರ ಹಿಡೀತೀಯ? 3438ನ್ನ ಆ ದೂರದ ಇಂಚಿನಿಂದ ಭಾಗಿಸು, ಎಷ್ಟು ಪಿಪಿಐ ಬೇಕು ಅಂತ ಸಿಗ್ತದೆ. 12 ಇಂಚಲ್ಲಿ ಹಿಡಿದ್ರೆ ಸುಮಾರು 286 ಬೇಕು, 15 ಇಂಚಿಗೆ 229 ಸಾಕು. ಅದಕ್ಕಿಂತ ಹೆಚ್ಚಿದ್ರೆ ನೆಟ್ಟಗಿರೋ ಕಣ್ಣಿಗೆ ಚುಕ್ಕಿ ಬಿಡಿಬಿಡಿಯಾಗಿ ಕಾಣಲ್ಲ. 2010ರಲ್ಲಿ ಐಫೋನ್ 4 ತಂದಾಗ ಸ್ಟೀವ್ ಜಾಬ್ಸ್ 300ರ ಲೆಕ್ಕ ಹೇಳಿದ್ದೂ ಹತ್ತು ಹನ್ನೆರಡು ಇಂಚು ದೂರಕ್ಕೇ. ಆ ಫೋನಿಂದು 326. ಮನೇಲಿರೋ 43 ಇಂಚು ಫುಲ್ ಎಚ್‌ಡಿ ಟಿವೀದು ಬರೀ 51, ದೂರ ಕೂತು ನೋಡ್ತೀವಿ, ಯಾರೂ ಬೈಯಲ್ಲ.

ಮುನಿರಾಜು: ನಮ್ಮಪ್ಪ ಕೈ ಚಾಚಿ ಹಿಡ್ಕೊಂಡು ಓದ್ತಾನೆ.

ನಯಾಜ್: ಅವರಿಗೆ 270 ಧಾರಾಳ. ಅಕ್ಷರದ ಸೈಜ್ ದೊಡ್ಡದು ಮಾಡ್ಕೊಡು, ಆಗದಿದ್ರೆ ಕನ್ನಡಕದ ಅಂಗಡಿಗೆ ಕರ್ಕೊಂಡೋಗು. ನೀನು ಮಲಗ್ಕೊಂಡು ಮೂಗಿಗೆ ಒತ್ತಿಕೊಂಡು ನೋಡೋನು, ನಿನಗೆ 1080 ಬೇಕು. ಕನ್ನಡದ ಒತ್ತಕ್ಷರ ತೀರಾ ಚಿಕ್ಕದು, ಚುಕ್ಕಿ ಸಾಲದಿದ್ರೆ ಮೊದಲು ಮುದ್ದೆಯಾಗೋದು ಅದೇ.

ಶಂಕರ: ಚುಕ್ಕಿ ತಾನೇ ಬೆಳಗೋ ಒಎಲ್‌ಇಡಿ ಸ್ಕ್ರೀನ್ ಆದ್ರೆ ಇನ್ನೊಂದು ತಕರಾರು. ಹಿಂದಿಂದ ಬೆಳಕು ಬಿಡೋ ಎಲ್‌ಸಿಡಿಲಿ ಚುಕ್ಕಿಗೊಂದೊಂದು ಕೆಂಪು, ಹಸಿರು, ನೀಲಿ. ಬಹುಪಾಲು ಒಎಲ್‌ಇಡಿ ಫೋನಲ್ಲಿ ಹಸಿರು ಪೂರ್ತಿ, ಕೆಂಪು ನೀಲಿ ಅರ್ಧರ್ಧ. ಅರ್ಧ ಆಗೋದು ಇಡೀ ಸ್ಕ್ರೀನಿನ ಎಣಿಕೆ, ಇಂಚಿನ ಸಾಲಲ್ಲಿ ಅಷ್ಟು ಇಳಿಯಲ್ಲ. 405 ಅಂದ್ರೂ ಕೆಂಪಿನ ಲೆಕ್ಕ 286ರಷ್ಟೇ. 270ರ ಒಎಲ್‌ಇಡಿ ಆದ್ರೆ 191, ಅಕ್ಷರದ ಅಂಚು ಜುಂಗುಜುಂಗು.

ಮುನಿರಾಜು: ನೀವಿಬ್ರೂ ಹೇಳ್ತೀರ, ನಾನು ನಂಬ್ಬೇಕು.

ನಯಾಜ್: ಬೆಳ್ಳಗಿರೋ ಪೇಜ್ ತೆಗೆದು, ಬೆರಳ ತುದೀಲಿ ಎಳ್ಳು ಕಾಳಷ್ಟು ನೀರು ಇಡು. ಟೀ ಅಲ್ಲ, ನೀರು! ಹನಿಯೇ ಭೂತಗನ್ನಡಿ ಆಗ್ತದೆ. ಈ ಎಲ್‌ಸಿಡಿ ಮೇಲೆ ನೋಡು, ಮೂರು ಬಣ್ಣದ ಗೀಟು ಸಾಲಾಗಿ ನಿಂತವೆ. ಈಗ ಶಂಕರಂದು ನೋಡು, ಒಎಲ್‌ಇಡಿ. ಹಸಿರು ಸಣ್ಣಗೆ ಒತ್ತೊತ್ತಾಗಿ, ಕೆಂಪು ನೀಲಿ ದೂರದೂರ.

ಮುನಿರಾಜು: ಓಹೋ! ಹಂಗಾದ್ರೆ ಎಲ್ಲಕ್ಕಿಂತ ಜಾಸ್ತಿ ಇರೋದನ್ನೇ ತಗೋತೀನಿ.

ಶಂಕರ: 2015ರಲ್ಲೇ ಸೋನಿ 806 ಪಿಪಿಐ ಫೋನ್ ಮಾಡಿತ್ತು, 4ಕೆ. ಹೆಚ್ಚಿನ ಕೆಲಸಕ್ಕೆ ಅದೂ 1080ರಲ್ಲೇ ನಡೀತಿತ್ತು. ಈಗಲೂ 1440ರ ಕೆಲವು ಫೋನು ಡಬ್ಬಿಯಿಂದಲೇ 1080ಕ್ಕೆ ಇಳಿದು ಬರ್ತವೆ. ಚುಕ್ಕಿ ಹೆಚ್ಚಾದ್ರೆ ಬ್ಯಾಟರಿ ಖರ್ಚೂ ಹೆಚ್ಚು.

ಮುನಿರಾಜು: ನಾನೀಗ ಬಳಸ್ತಿರೋ ಹಳೇ ಫೋನಂತೂ ಮಂಜುಮಂಜು. ಇದು 1080 ತಾನೇ?

ನಯಾಜ್: ಸ್ಕ್ರೀನ್‌ಶಾಟ್ ತೆಗೆದು ಡೀಟೇಲ್ಸ್ ನೋಡು... 1080 ಅಂತಾನೇ ಐತೆ. ಅಕ್ಷರ ಸರಿಯಿದ್ದು ವಿಡಿಯೊ ಮಾತ್ರ ಮಂಜಾದ್ರೆ ಯೂಟ್ಯೂಬಲ್ಲಿ ಕ್ವಾಲಿಟಿ ಏರಿಸು. ವಾಟ್ಸಾಪ್ ಫೋಟೊ ಅಂತೂ ಹಿಂಡಿ ಹಿಪ್ಪೆ ಮಾಡಿ ಕಳಿಸ್ತದೆ, ಕಳಿಸೋನು ಎಚ್‌ಡಿ ಒತ್ತಬೇಕು. ಎಲ್ಲಾ ಮಂಜು ಅಂದ್ರೆ... ಕೊಡು ಇಲ್ಲಿ. ಮ್ಯಾಟ್ ಗಾರ್ಡು! ಬೆರಳಚ್ಚು ಕೂರಬಾರದು ಅಂತ ತರಿತರಿ ಮಾಡಿರ್ತಾರೆ, ಬೆಳಕೆಲ್ಲ ಚೆದರಿ ಹೋಗ್ತದೆ.

ಶಂಕರ: ಕಾಂಬೊ, ಅಂದ್ರೆ ಡಿಸ್‌ಪ್ಲೇ ಗಾಜು ಎರಡೂ ಸೇರಿದ ಬದಲಿ ಸ್ಕ್ರೀನ್, ಹಾಕ್ಸಿದಾನೇನೋ ನೋಡು ಭಾಯ್. ಒಎಲ್‌ಇಡಿ ತೆಗೆದು ಅಗ್ಗದ ಕಾಪಿ ಎಲ್‌ಸಿಡಿ ಕೂರಿಸಿದ್ರೆ ಕೆಲವದರಲ್ಲಿ ಚುಕ್ಕಿಯೂ ಕಡಿಮೆ ಇರ್ತವೆ. ಸ್ಕ್ರೀನ್‌ಶಾಟಲ್ಲಿ ಅದು ಗೊತ್ತಾಗೋದೂ ಇಲ್ಲ, ನೀರಿನ ಹನೀನೇ ಇಡ್ಬೇಕು.

ಮುನಿರಾಜು: ಹಾಕ್ಸಿದ್ದೆ. ಆವತ್ತಿಂದ ಸ್ಕ್ರೀನ್ ಮೇಲೆ ಬೆರಳಿಟ್ರೆ ಫೋನೂ ತೆಗೀತಿಲ್ಲ.

ನಯಾಜ್: ಎಲ್‌ಸಿಡಿ ಹಿಂದೆ ಬ್ಯಾಕ್‌ಲೈಟ್ ಹಾಳೆ ಇರ್ತದೆ, ಸೆನ್ಸರ್‌ಗೆ ಬೆರಳು ಕಾಣೋದೆಲ್ಲಿಂದ? ಪ್ಯಾಟರ್ನ್ ಹಾಕ್ಕೋ. ಟೀ ದುಡ್ಡು ಕೊಡು.