ಬೋರ್ಡೋ ದ್ರಾವಣದ ಲೆಕ್ಕ: ಸುಣ್ಣ 464 ಗ್ರಾಂ ಬೇಕೋ, 297 ಗ್ರಾಂ ಸಾಕೋ?

ತೀರ್ಥಹಳ್ಳಿಯ ಪೋಷಕರು:

ನನ್ನ ಮಗಳು ಹತ್ತನೇ ತರಗತಿಯಲ್ಲಿ ಓದುತ್ತಿದ್ದಾಳೆ. ಮನೆಯ ಸುತ್ತಮುತ್ತ ನಡೆಯುವ ಯಾವುದಾದರೂ ಒಂದು ರಾಸಾಯನಿಕ ಕ್ರಿಯೆಯ ಸಮೀಕರಣ ಬರೆದು, ಲೆಕ್ಕವನ್ನೂ ಮಾಡಿಕೊಂಡು ಬರುವಂತೆ ಶಾಲೆಯಲ್ಲಿ ಹೇಳಿದ್ದರು. ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವ ಕಾಲವಾದ್ದರಿಂದ ಅವಳು, ಮೈಲುತುತ್ತಕ್ಕೆ ಸುಣ್ಣ ಬೆರೆಸಿ ಮಾಡುವ ಆ ಔಷಧಿಯನ್ನೇ, ಅಂದರೆ ಬೋರ್ಡೋ ದ್ರಾವಣವನ್ನೇ ಆರಿಸಿಕೊಂಡಳು. ಒಂದು ಕಿಲೋ ಮೈಲುತುತ್ತಕ್ಕೆ 464 ಗ್ರಾಂ ಅರಳಿದ ಸುಣ್ಣ ಬೇಕೆಂದು ಅವಳ ಲೆಕ್ಕ ಹೇಳುತ್ತದೆ. ಶಿಕ್ಷಕರು ಅದನ್ನು ಹೊಡೆದು 297 ಗ್ರಾಂ ಎಂದು ಬರೆದಿದ್ದಾರೆ. ತೋಟದಲ್ಲಿ ನಾವು ಹಾಕುವುದಾದರೋ ನೂರು ಲೀಟರ್ ನೀರಿಗೆ ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ. ಈ ಮೂರರಲ್ಲಿ ಯಾವುದು ಸರಿ? ಇದಲ್ಲದೆ, ದ್ರಾವಣ ಹದವಾಗಿದೆಯೇ ಎಂದು ನೋಡಲು ಅದ್ದುವ ಕತ್ತಿಯ ಮೇಲೆ ಕೂರುವ ಕೆಂಪು ಲೇಪವನ್ನು ಅವಳು ತುಕ್ಕು ಎಂದು ಬರೆದಿದ್ದಳು. ಅದಕ್ಕೂ ಅಂಕ ಹೋಗಿದೆ. ಅವಳಿಗೆ ಕಾರಣವನ್ನು ತಿಳಿಸಿ ಹೇಳಬೇಕಾಗಿದೆ.

ಸಾಗರದ ವಿಜ್ಞಾನ ಶಿಕ್ಷಕರು:

ಮಗುವಿನ ಸಮೀಕರಣ ಸರಿಯಾಗಿಯೇ ಇರಬೇಕು, ಏಕೆಂದರೆ 464 ಎಂಬ ಉತ್ತರ ತಪ್ಪು ಸಮೀಕರಣದಿಂದ ಬರುವಂಥದ್ದಲ್ಲ.

ತಾಮ್ರದ ಸಲ್ಫೇಟ್ (ಮೈಲುತುತ್ತ) + ಕ್ಯಾಲ್ಸಿಯಂ ಹೈಡ್ರಾಕ್ಸೈಡ್ (ಅರಳಿದ ಸುಣ್ಣ) → ತಾಮ್ರದ ಹೈಡ್ರಾಕ್ಸೈಡ್ + ಕ್ಯಾಲ್ಸಿಯಂ ಸಲ್ಫೇಟ್

ಇದು ದ್ವಿಸ್ಥಾನಪಲ್ಲಟ ಕ್ರಿಯೆ; ಎರಡೂ ಕಡೆ ಒಂದಕ್ಕೊಂದು ಮೋಲ್ ಇರುವುದರಿಂದ ಸರಿದೂಗಿಸುವ ಕೆಲಸವೂ ಇಲ್ಲ. ವ್ಯತ್ಯಾಸ ಬಂದಿರುವುದು ತುತ್ತದ ಅಣುರಾಶಿಯಲ್ಲಿ. ಅವಳು 159.5 ಎಂದು ತೆಗೆದುಕೊಂಡಿದ್ದಾಳೆ, ಅದು ನೀರಿನಂಶವಿಲ್ಲದ ಬಿಳಿ ತಾಮ್ರದ ಸಲ್ಫೇಟಿನ ಅಣುರಾಶಿ. ಅಂಗಡಿಯಲ್ಲಿ ಸಿಗುವ ನೀಲಿ ಹರಳಿನ ಪ್ರತಿಯೊಂದು ಘಟಕದೊಳಗೂ ಐದು ನೀರಿನ ಅಣುಗಳು ಸೇರಿಕೊಂಡಿರುತ್ತವೆ; ಐದು ಹದಿನೆಂಟಲೆ ತೊಂಬತ್ತನ್ನು ಕೂಡಿಸಿದರೆ 249.5 ಆಗುತ್ತದೆ. ಅಂದರೆ ಒಂದು ಕಿಲೋ ತುತ್ತದಲ್ಲಿ ಸುಮಾರು 360 ಗ್ರಾಂ ಬರೀ ನೀರು. ಸಾವಿರವನ್ನು 249.5ರಿಂದ ಭಾಗಿಸಿದರೆ ನಾಲ್ಕು ಮೋಲಿಗಿಂತ ಕೂದಲೆಳೆಯಷ್ಟು ಹೆಚ್ಚು ಬರುತ್ತದೆ. ಅದನ್ನು ಕ್ಯಾಲ್ಸಿಯಂ ಹೈಡ್ರಾಕ್ಸೈಡಿನ 74ರಿಂದ ಗುಣಿಸಿದರೆ 297 ಗ್ರಾಂ. ಅರಳದ ಸುಟ್ಟ ಸುಣ್ಣವಾದರೆ (ಕ್ಯಾಲ್ಸಿಯಂ ಆಕ್ಸೈಡ್) 56ರಿಂದ ಗುಣಿಸಬೇಕು, ಆಗ 224 ಗ್ರಾಂ ಬರುತ್ತದೆ. ಪ್ರಶ್ನೆಯಲ್ಲಿ ಯಾವ ಸುಣ್ಣ ಎಂಬುದನ್ನು ಮೊದಲು ನೋಡಿಕೊಳ್ಳುವುದು ಒಳ್ಳೆಯದು.

ಇನ್ನು ತೋಟದ ಒಂದು ಕಿಲೋ. ಸಮೀಕರಣ ಹೇಳುವ 297 ಗ್ರಾಂ ಅಪ್ಪಟ ಸುಣ್ಣಕ್ಕೆ ಸಂಬಂಧಿಸಿದ್ದು. ಸುಣ್ಣವನ್ನು ಗಾಳಿಗೆ ತೆರೆದಿಟ್ಟರೆ, ಅದರಲ್ಲೂ ನಮ್ಮ ಮಲೆನಾಡಿನ ಮಳೆಗಾಲದ ತೇವದಲ್ಲಿ, ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತಾ ಹೋಗುತ್ತದೆ, ಮತ್ತು ಆ ಭಾಗ ತುತ್ತದೊಂದಿಗೆ ಹಾಗೆ ಚುರುಕಾಗಿ ವರ್ತಿಸುವುದಿಲ್ಲ. ಕಲ್ಲು, ಮಣ್ಣು, ಸರಿಯಾಗಿ ಬೇಯದ ಭಾಗ ಬೇರೆ. ಸುಣ್ಣ ಕಡಿಮೆಯಾದರೆ ಕರಗಿದ ತಾಮ್ರ ಹಾಗೆಯೇ ಉಳಿದು ಎಳೆಯ ಕಾಯಿಯನ್ನೂ ಸೋಗೆಯನ್ನೂ ಸುಡುತ್ತದೆ. ಹೆಚ್ಚಾದರೆ ಅಂಥ ಅಪಾಯವಿಲ್ಲ. ಆದ್ದರಿಂದ ರೈತರು ಹೆಚ್ಚಿನ ಕಡೆಗೇ ನಿಂತಿದ್ದಾರೆ. ಮೂರರಲ್ಲಿ ಯಾವುದು ಸರಿ ಎಂದು ಕೇಳಿದಿರಲ್ಲ, 297 ಲೆಕ್ಕಕ್ಕೆ ಸರಿ, ಒಂದು ಕಿಲೋ ತೋಟಕ್ಕೆ ಸರಿ, 464 ಮಾತ್ರ ಎರಡಕ್ಕೂ ಹೊಂದುವುದಿಲ್ಲ.

ಕತ್ತಿಯ ಮೇಲಿನ ಕೆಂಪು ತುಕ್ಕಲ್ಲ, ತಾಮ್ರ. ಕಬ್ಬಿಣವು ತಾಮ್ರಕ್ಕಿಂತ ಹೆಚ್ಚು ಕ್ರಿಯಾಶೀಲ ಲೋಹವಾದ್ದರಿಂದ ದ್ರಾವಣದಲ್ಲಿ ಕರಗಿರುವ ತಾಮ್ರವನ್ನು ಹೊರದೂಡಿ ತಾನು ಆ ಜಾಗಕ್ಕೆ ಹೋಗುತ್ತದೆ. ಪಾಠದಲ್ಲಿ ಕಬ್ಬಿಣದ ಮೊಳೆಯನ್ನು ನೀಲಿ ದ್ರಾವಣದಲ್ಲಿ ಇಳಿಬಿಡುವ ಚಟುವಟಿಕೆ ಇದೆಯಲ್ಲ, ಅಜ್ಜಂದಿರ ಕತ್ತಿ ಪರೀಕ್ಷೆ ಅದೇ ಸ್ಥಾನಪಲ್ಲಟ ಕ್ರಿಯೆ. ತುಕ್ಕಿಗೆ ಆಮ್ಲಜನಕವೂ ನೀರೂ ಸಾಕಷ್ಟು ಹೊತ್ತೂ ಬೇಕು, ತಾಮ್ರವಾದರೋ ನೋಡನೋಡುತ್ತಲೇ ಕೂರುತ್ತದೆ. ಸುಣ್ಣ ಸಾಕಾದಾಗ ತಾಮ್ರವೆಲ್ಲ ಕರಗದ ನೀಲಿ ಪ್ರಕ್ಷೇಪವಾಗಿಬಿಡುವುದರಿಂದ ಕತ್ತಿ ಹಾಗೆಯೇ ಹೊರಬರುತ್ತದೆ. ಇಷ್ಟು ಒಳ್ಳೆಯ ಉದಾಹರಣೆಯನ್ನು ಅವಳು ಆರಿಸಿಕೊಂಡಿರುವುದು ನನಗೆ ನಿಜಕ್ಕೂ ಸಂತೋಷ ತಂದಿದೆ.

ಹೊಸನಗರದ ವಿದ್ಯಾರ್ಥಿ:

ನಾನೂ ಇದನ್ನು ಮಾಡಿ ನೋಡಿದೆ. ಸುಣ್ಣ ಹಾಕುವ ಮೊದಲೇ ಅಡುಗೆಮನೆಯ ಚಾಕುವನ್ನು ಶುದ್ಧ ತುತ್ತದ ನೀರಿನಲ್ಲಿ ಅದ್ದಿದರೂ ಕೆಂಪಾಗಲಿಲ್ಲ. ಹೊಸ ಬಿಳಿ ಮೊಳೆ ಹಾಕಿದರೆ ಕಪ್ಪಾಯಿತು. ಏಕೆ?

ಸಾಗರದ ವಿಜ್ಞಾನ ಶಿಕ್ಷಕರು:

ಚಾಕು ಸ್ಟೇನ್‌ಲೆಸ್ ಸ್ಟೀಲಿನದಾಗಿರಬೇಕು. ಅದರಲ್ಲಿರುವ ಕ್ರೋಮಿಯಂ ಮೇಲ್ಮೈಯಲ್ಲಿ ತೆಳುವಾದ ಆಕ್ಸೈಡ್ ಪದರವನ್ನು ಕಟ್ಟಿಕೊಂಡಿರುವುದರಿಂದ ಒಳಗಿನ ಕಬ್ಬಿಣ ದ್ರಾವಣಕ್ಕೆ ಸಿಗುವುದಿಲ್ಲ. ಬಿಳಿ ಮೊಳೆಗೆ ಸತುವಿನ ಲೇಪವಿರುತ್ತದೆ. ಸತುವೂ ತಾಮ್ರವನ್ನು ಹೊರದೂಡುತ್ತದೆ, ಆದರೆ ಹಾಗೆ ಬೇಗ ಕೂರುವ ತಾಮ್ರ ಪುಡಿಪುಡಿಯಾಗಿದ್ದು ಕಪ್ಪಾಗಿ ಕಾಣುತ್ತದೆ. ಹಳೆಯ ಕಬ್ಬಿಣದ ಕತ್ತಿಯನ್ನೋ ಲೇಪವಿಲ್ಲದ ಮೊಳೆಯನ್ನೋ ಮರಳು ಕಾಗದದಿಂದ ಚೆನ್ನಾಗಿ ಉಜ್ಜಿ ಬಳಸಿ. ಎಣ್ಣೆಯ ಪಸೆ ಇದ್ದರೂ ಲೇಪ ಕೂರುವುದಿಲ್ಲ.

ಪ್ರಯೋಗಕ್ಕೆ 10 ಗ್ರಾಂ ತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ ಪ್ಲಾಸ್ಟಿಕ್ ಬಕೆಟ್ಟಿನಲ್ಲೇ ಕರಗಿಸಬೇಕು. ಕಬ್ಬಿಣದ ಪಾತ್ರೆ ಏಕೆ ಬೇಡವೆಂಬುದು ಈಗ ನಿಮಗೆ ಗೊತ್ತು. ತೋಟದಲ್ಲಿ ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿದು ಕಲಕುತ್ತಾರೆ. ಇಲ್ಲಿ ಮಾತ್ರ ಸುಣ್ಣದ ತಿಳಿಹಾಲನ್ನು ತುತ್ತಕ್ಕೆ ಸ್ವಲ್ಪಸ್ವಲ್ಪವಾಗಿ ಹಾಕಿ, ಪ್ರತಿ ಸಲವೂ ಉಜ್ಜಿದ ಮೊಳೆಯನ್ನು ಅದ್ದಿ ನೋಡಿ, ಆಗ ಕೆಂಪು ನಿಲ್ಲುವ ಘಟ್ಟ ಕಣ್ಣಿಗೆ ಕಾಣುತ್ತದೆ. ಸುಣ್ಣ ಅಪ್ಪಟವಾಗಿದ್ದರೆ ಅದು ಮೂರು ಗ್ರಾಮಿನ ಆಸುಪಾಸಿನಲ್ಲಿ, ಒಮ್ಮೊಮ್ಮೆ ಅದಕ್ಕೂ ಮೊದಲೇ ಬರುತ್ತದೆ, ಏಕೆಂದರೆ ಪ್ರಕ್ಷೇಪದಲ್ಲಿ ಬರೀ ಹೈಡ್ರಾಕ್ಸೈಡ್ ಅಲ್ಲದೆ ಸಲ್ಫೇಟೂ ಸೇರಿದ ತಾಮ್ರದ ಸಂಯುಕ್ತಗಳಿರುತ್ತವೆ. ಮನೆಯ ಸುಣ್ಣ ಎಷ್ಟು ಹೆಚ್ಚು ಬೇಕಾಯಿತು ಎಂಬುದನ್ನು ಬರೆದಿಡಿ, ಸುಣ್ಣದ ಗುಣ ಅದರಿಂದಲೇ ತಿಳಿಯುತ್ತದೆ. ದೊಡ್ಡವರು ಜೊತೆಯಲ್ಲಿರಲಿ, ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ. ಉಳಿದ ನೀರನ್ನು ಹಳ್ಳಕ್ಕೋ ಕೆರೆಗೋ ಚೆಲ್ಲಬೇಡಿ, ತಾಮ್ರ ಮೀನಿಗೆ ವಿಷ.

ತೀರ್ಥಹಳ್ಳಿಯ ಪೋಷಕರು:

249.5 ಇಟ್ಟು ಮಗಳು ಮತ್ತೆ ಲೆಕ್ಕ ಮಾಡಿದಳು, 297 ಬಂತು. ಪೀಠಿಕೆಯಾಗಿ ಎರಡು ಸಾಲು ಇತಿಹಾಸ ಸೇರಿಸಬೇಕೆಂದಿದ್ದಾಳೆ, ಏನು ಬರೆಯಬಹುದು?

ಸಾಗರದ ವಿಜ್ಞಾನ ಶಿಕ್ಷಕರು:

ಈ ಮಿಶ್ರಣ ಫ್ರಾನ್ಸಿನ ಬೋರ್ಡೋ ಪ್ರಾಂತ್ಯದ್ದು. 1880ರ ದಶಕದಲ್ಲಿ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಅದನ್ನು ದ್ರಾಕ್ಷಿಯ ಬೂಜುರೋಗಕ್ಕೆ ರೂಪಿಸಿದರು. ಅಡಿಕೆಯ ಕೊಳೆಗೆ ಅದನ್ನು ಸಿಂಪಡಿಸುವ ಕ್ರಮವನ್ನು ಮೈಸೂರು ಸಂಸ್ಥಾನದಲ್ಲಿ ತಂದವರು ಅಲ್ಲಿನ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್. ಕೊಳೆರೋಗದ ಕುರಿತ ಅವರ ವರದಿ 1910ರಲ್ಲಿ ಪ್ರಕಟವಾಯಿತು. ಅದಕ್ಕೂ ಮೊದಲು ಅಡಿಕೆಯ ಗೊನೆಗಳಿಗೆ ಕೊಟ್ಟೆ, ಅಂದರೆ ಹೊದಿಕೆ, ಕಟ್ಟಿ ಮಳೆಯಿಂದ ಕಾಯುತ್ತಿದ್ದರು. ಅದರ ವಿವರವನ್ನು ಮನೆಯ ಹಿರಿಯರಿಂದಲೇ ಕೇಳಿ ಬರೆಯಲಿ.